ಬರ್ಗರ್ ಕಾರು, ಶಾರ್ಕ್ ಕಾರು, ಟೋಸ್ಟರ್ ಕಾರು: ಕಡಿಮೆ ಖರ್ಚಿನಲ್ಲಿ ತಮಾಷೆ ಡೈಕಾಸ್ಟ್ ಕಾರುಗಳನ್ನು ಕೂಡಿಡುವುದು ಹೇಗೆ

ಮೈಸೂರಿನ ಯಾವುದಾದರೂ ಆಟಿಕೆ ಅಂಗಡಿಗೆ ಹೋಗಿ, ಕೊಕ್ಕೆಗೆ ನೇತುಹಾಕಿರುವ ಹಾಟ್ ವೀಲ್ಸ್ ಬ್ರಾಂಡಿನ ಪುಟ್ಟ ಡೈಕಾಸ್ಟ್, ಅಂದರೆ ಅಚ್ಚಿನಲ್ಲಿ ಎರೆದ ಲೋಹದ, ಕಾರುಗಳನ್ನು ನೋಡಿ. ನಿಸ್ಸಾನ್ ಸ್ಕೈಲೈನ್, ಪೋರ್ಷೆ, ಹೋಂಡಾ ಸಿವಿಕ್ ಇವೆಲ್ಲ ಸ್ಟಾಕ್ ಬಂದ ದಿನವೇ ಖಾಲಿ. ಉಳಿದಿರುವುದು ಶಾರ್ಕ್ ಮೀನಿನ ಆಕಾರದ್ದು, ಡೋನಟ್ ಆಕಾರದ್ದು, ಬ್ರೆಡ್ ಸುಡುವ ಟೋಸ್ಟರ್‌ಗೆ ನಾಲ್ಕು ಚಕ್ರ ಹಾಕಿದಂಥದ್ದು. ದೊಡ್ಡ ಸಂಗ್ರಹಕಾರರು ಇವನ್ನು ಪಕ್ಕಕ್ಕೆ ಸರಿಸಿ ಹಿಂದೆ ಏನಿದೆ ಅಂತ ಹುಡುಕುತ್ತಾರೆ.

ನಾನು ಹೇಳುವುದು ಇಷ್ಟೇ. ಆ ಪಕ್ಕಕ್ಕೆ ಸರಿಸಿದ ಕಾರುಗಳನ್ನೇ ಕೂಡಿಡಿ. ಪೈಪೋಟಿ ಇಲ್ಲ, ಬೆಲೆ ಏರಿಸಿ ಮಾರುವವರ ಕಾಟ ಇಲ್ಲ, ಒಂದು ಕಾರು ಒಂದು ಮಸಾಲೆ ದೋಸೆ ಮತ್ತು ಕಾಫಿಯ ಖರ್ಚಿನ ಆಸುಪಾಸಿನಲ್ಲೇ ಬರುತ್ತದೆ, ಮತ್ತು ಸ್ವಲ್ಪ ತಾಳ್ಮೆಯಿಂದ ಆರಿಸಿದರೆ ಒಂದೆರಡು ವರ್ಷದಲ್ಲಿ ನೋಡಿದವರು ನಿಂತು ನೋಡುವಂಥ ಸಂಗ್ರಹ ಆಗುತ್ತದೆ. ಮೈಸೂರು, ಮಂಡ್ಯದಲ್ಲಿ ಇರುವವರಿಗೆ ಅನುಕೂಲ ಆಗಲಿ ಅಂತ ಪೂರ್ತಿ ವಿಧಾನ ಕೆಳಗೆ ಬರೆದಿದ್ದೇನೆ.

ಮೊದಲು ಯಾವುದನ್ನು ಕೂಡಿಡಬೇಕು ಅಂತ ತೀರ್ಮಾನಿಸಿ

ಇದು ಎಲ್ಲಕ್ಕಿಂತ ಮುಖ್ಯ. ಹಾಟ್ ವೀಲ್ಸ್ ಒಂದರಲ್ಲೇ ಈಚಿನ ವರ್ಷಗಳಲ್ಲಿ ವರ್ಷಕ್ಕೆ 250 ಸಾಮಾನ್ಯ ಮಾದರಿಗಳು ಬರುತ್ತವೆ. ಸಂಗ್ರಹಕಾರರು ಇವಕ್ಕೆ ಮೇನ್‌ಲೈನ್ ಅನ್ನುತ್ತಾರೆ. ಕಾರು ಅಂಟಿಸಿ ಬರುವ ರಟ್ಟಿನ ಕಾರ್ಡಿನ ಮೇಲೆ 87/250 ಅಂತ ಇರುವುದು ಆ ಸಂಖ್ಯೆ. ಎಲ್ಲವನ್ನೂ ಕೊಳ್ಳುತ್ತೇನೆ ಅಂತ ಹೊರಟರೆ ಜೇಬು, ಮನೆ ಎರಡೂ ಸಾಲುವುದಿಲ್ಲ.

ಹಾಗಾಗಿ ಒಂದು ವಿಷಯ ಹಿಡಿಯಿರಿ. ನನಗೆ ತುಂಬ ಇಷ್ಟದ ವಿಷಯ ತಿಂಡಿ. ಬರ್ಗರ್ ಆಕಾರದ 'ಬನ್ಸ್ ಆಫ್ ಸ್ಟೀಲ್', ಹಾಟ್ ಡಾಗ್ ಆಕಾರದ 'ಸ್ಟ್ರೀಟ್ ವೀನರ್', ಡೋನಟ್ ಹೊತ್ತ 'ಡೋನಟ್ ಡ್ರಿಫ್ಟರ್', ಬಾಟಲಿ ಆಕಾರದ 'ಕಾರ್ಬನೇಟರ್', ಇವನ್ನೆಲ್ಲ ಒಂದು ಸಾಲಿನಲ್ಲಿ ಇಟ್ಟು ನೋಡಿ, ಖುಷಿಯಾಗುತ್ತದೆ. ಕಾರ್ಬನೇಟರ್‌ನಲ್ಲಂತೂ ಬಾಟಲಿ ಮುಚ್ಚಳ ತೆಗೆಯುವ ಓಪನರ್ ಕೂಡ ಇದೆ. ಅಮೆರಿಕದ ಆಸ್ಕರ್ ಮೇಯರ್ ಕಂಪನಿ 1936ರಿಂದ ಜಾಹೀರಾತಿಗೆ ಓಡಿಸುತ್ತಿರುವ ನಿಜವಾದ ಸಾಸೇಜ್ ಗಾಡಿ 'ವೀನರ್‌ಮೊಬೈಲ್' ಕೂಡ ಪುಟ್ಟ ಹಾಟ್ ವೀಲ್ಸ್ ಆಗಿ ಬಂದಿದೆ.

ಪ್ರಾಣಿಗಳು ಇನ್ನೊಂದು ಒಳ್ಳೆಯ ವಿಷಯ. 1987ರ 'ಶಾರ್ಕ್ರೂಸರ್' ಇಲ್ಲಿ ಹಿರಿಯ. ಹಾವು, ಚೇಳು, ಡೈನೋಸಾರ್ ಆಕಾರದವೂ ಸಿಗುತ್ತವೆ. ಮನೆ ಸಾಮಾನಿನ ಆಕಾರದವು ಮೂರನೆಯದು, 'ರೋಲರ್ ಟೋಸ್ಟರ್' ಥರದ್ದು. ಇದು ಬೇಡ ಅಂದರೆ ನಮ್ಮ ರಸ್ತೆಯ ಗಾಡಿಗಳು. ಆಟೋ, ಅಂಬಾಸಿಡರ್, ಬಸ್, ಟ್ರ್ಯಾಕ್ಟರ್. ಸೆಂಟಿ ಟಾಯ್ಸ್ ಎಂಬ ಭಾರತೀಯ ಕಂಪನಿ ಇವನ್ನು ಮಾಡುತ್ತದೆ. ಬಹುಪಾಲು ಪ್ಲಾಸ್ಟಿಕ್, ಹಿಂದಕ್ಕೆ ಎಳೆದು ಬಿಟ್ಟರೆ ಮುಂದಕ್ಕೆ ಓಡುವಂಥವು. ಶುದ್ಧ ಡೈಕಾಸ್ಟ್ ಅಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ, ನಾನು ಒಪ್ಪುವುದಿಲ್ಲ. ಹಳದಿ ಮೇಲ್ಛಾವಣಿಯ ಆಟೋ ಒಂದು ಕಪಾಟಿನಲ್ಲಿದ್ದರೆ ಬೇರೆಲ್ಲ ಕಾರುಗಳಿಗೂ ಒಂದು ಕಳೆ ಬರುತ್ತದೆ.

ವಿಷಯ ಆಯಿತಲ್ಲ, ಈಗ ಒಂದು ನಿಯಮ ಮಾಡಿಕೊಳ್ಳಿ. ಒಂದೇ ಕಾರು ಬೇರೆ ಬೇರೆ ಬಣ್ಣದಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲ ಬಣ್ಣ ಬೇಕಾ, ಒಂದು ಸಾಕಾ? ಶುರುವಿನಲ್ಲಿ ಒಂದು ಸಾಕು ಅನ್ನುವುದು ನನ್ನ ಸಲಹೆ. ಜೊತೆಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಎತ್ತಿಡಿ. 500 ರೂಪಾಯಿಯಲ್ಲಿ ತಿಂಗಳಿಗೆ ಎರಡು ಹೊಸ ಕಾರು, ಅದೃಷ್ಟ ಇದ್ದು ಹಳೇ ಎಂಆರ್‌ಪಿಯ ಸ್ಟಾಕ್ ಸಿಕ್ಕರೆ ಮೂರು.

ಕೈಯಲ್ಲಿರುವುದು ಏನು ಅಂತ ಓದಲು ಕಲಿಯಿರಿ

ಡೈಕಾಸ್ಟ್ ಅಂದರೆ ಕರಗಿಸಿದ ಲೋಹವನ್ನು ಒತ್ತಡದಲ್ಲಿ ಸ್ಟೀಲ್ ಅಚ್ಚಿಗೆ ನುಗ್ಗಿಸಿ ಮಾಡಿದ್ದು. ಲೋಹ ಝಮಾಕ್. ಹೆಚ್ಚಿನ ಪಾಲು ಸತು, ಸುಮಾರು ನೂರಕ್ಕೆ ನಾಲ್ಕು ಭಾಗ ಅಲ್ಯೂಮಿನಿಯಂ, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ, ತಾಮ್ರ. ಇದು 400 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ, ಆದ್ದರಿಂದಲೇ ಇಷ್ಟು ಅಗ್ಗವಾಗಿ ಇಷ್ಟು ಸೂಕ್ಷ್ಮವಾದ ಗೆರೆಗಳನ್ನು ತೆಗೆಯಲು ಸಾಧ್ಯ. ದುಬಾರಿ ಏನಿದ್ದರೂ ಅಚ್ಚು. ಅದಕ್ಕೇ ಕಂಪನಿಗಳು ಒಮ್ಮೆ ಮಾಡಿದ ಅಚ್ಚನ್ನು ವರ್ಷಗಟ್ಟಲೆ ಬಳಸುತ್ತವೆ, ಬಣ್ಣ ಮತ್ತು ಚಕ್ರ ಮಾತ್ರ ಬದಲಾಯಿಸುತ್ತವೆ.

ಸತುವಿಗೆ ಅಯಸ್ಕಾಂತ ಅಂಟುವುದಿಲ್ಲ. ಇದನ್ನು ತಿಳಿಯದೆ "ಅಂಟ್ತಾ ಇಲ್ಲ, ಇದು ಮೆಟಲ್ ಅಲ್ಲ" ಅಂತ ಅಂಗಡಿಯವರ ಜೊತೆ ವಾದ ಮಾಡುವವರಿದ್ದಾರೆ. ಉಗುರಿನಿಂದ ತಟ್ಟಿ, ಕೈಯಲ್ಲಿ ತೂಗಿ, ಮುಟ್ಟಿ ತಣ್ಣಗಿದೆಯಾ ನೋಡಿ, ಗೊತ್ತಾಗುತ್ತದೆ. ಇನ್ನೊಂದು ವಿಷಯ, ತಮಾಷೆ ಕಾರುಗಳಲ್ಲಿ ಹಲವು ಸಲ ಮೇಲಿನ ಅರ್ಧ ಪ್ಲಾಸ್ಟಿಕ್, ಕೆಳಗಿನ ಅರ್ಧ ಲೋಹ ಇರುತ್ತದೆ. ಅದು ಮೋಸ ಅಲ್ಲ, ಆ ಆಕಾರ ತೆಗೆಯಲು ಹಾಗೆ ಮಾಡುತ್ತಾರೆ.

ಈಗ ಕಾರು ತಿರುಗಿಸಿ ತಳ ನೋಡಿ. ಮಾದರಿಯ ಹೆಸರು, ಕಂಪನಿ, ತಯಾರಾದ ದೇಶ, ಒಂದು ಇಸವಿ ಇರುತ್ತದೆ. ಹೊಸಬರು ಎಡವುವುದು ಈ ಇಸವಿಯಲ್ಲೇ. 2006 ಅಂತ ಇದ್ದರೆ ಕಾರು 2006ರದ್ದು ಅಂತ ಅಲ್ಲ. ಅದು ವಿನ್ಯಾಸದ ಹಕ್ಕು ದಾಖಲಾದ ವರ್ಷ. ಕಾರು ಮೊನ್ನೆ ತಯಾರಾಗಿರಬಹುದು. "ಹಳೇ ಪೀಸು ಸಾರ್, ತಳದಲ್ಲಿ 1987 ಅಂತಾನೇ ಇದೆ" ಅಂತ ಯಾರಾದರೂ ಮಾರಲು ಬಂದರೆ ಇದನ್ನು ನೆನಪಿಡಿ. ಹಾಟ್ ವೀಲ್ಸ್‌ನಲ್ಲಿ ನಿಜವಾಗಿ ತಯಾರಾದ ಸಮಯ ತಿಳಿಯಲು ಬೇರೆ ಗುರುತು ಇದೆ. 2008ರಿಂದ ಈಚೆಗೆ ತಳದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಒತ್ತಿರುತ್ತಾರೆ. ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. ಕ್ಯೂ 14 ಅಂದರೆ 2022ರ 14ನೇ ವಾರ. ಆರ್ ಅಂದರೆ 2023, ಎಸ್ ಅಂದರೆ 2024. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಸಲೀಸಾಗಿ ಓದಬಹುದು.

ಟ್ರೆಷರ್ ಹಂಟ್ ಬಗ್ಗೆಯೂ ಎರಡು ಮಾತು, ಎಲ್ಲರೂ ಕೇಳುತ್ತಾರೆ ಅಂತ. 1995ರಿಂದ ಹಾಟ್ ವೀಲ್ಸ್ ಕಡಿಮೆ ಸಂಖ್ಯೆಯ ವಿಶೇಷ ಕಾರುಗಳನ್ನು ಸಾಮಾನ್ಯ ಕಾರುಗಳ ಮಧ್ಯೆ ಸೇರಿಸಿ ಕಳಿಸುತ್ತದೆ. ಕಾರಿನ ಮೇಲೆ ಒಂದು ವೃತ್ತದೊಳಗೆ ಜ್ವಾಲೆಯ ಗುರುತು ಇರುತ್ತದೆ, ಕಾರ್ಡಿನ ಮೇಲೆ ಕಾರಿನ ಹಿಂದೆ ಅದೇ ಗುರುತು ಬೆಳ್ಳಿ ಬಣ್ಣದಲ್ಲಿ. 2007ರಿಂದ ಬರುತ್ತಿರುವ ಸೂಪರ್ ಟ್ರೆಷರ್ ಹಂಟ್‌ಗೆ ರಬ್ಬರ್ ಟಯರು, ಮಿನುಗುವ ಬಣ್ಣ. ತಮಾಷೆ ಕಾರುಗಳಲ್ಲೂ ಸಾಮಾನ್ಯ ಟ್ರೆಷರ್ ಹಂಟ್ ಆಗಾಗ ಬರುತ್ತದೆ, ಮತ್ತು ಆಕಾರ ನೋಡಿ ಯಾರೂ ಮುಟ್ಟದೆ ಕೊಕ್ಕೆಯಲ್ಲೇ ಉಳಿದಿರುವುದೂ ಉಂಟು. ಸಿಕ್ಕರೆ ತೆಗೆದುಕೊಳ್ಳಿ, ಅದಕ್ಕಾಗಿಯೇ ಅಲೆಯಬೇಡಿ.

ಎಲ್ಲಿ ಹುಡುಕಬೇಕು

ಮಾಲ್‌ಗಳ ದೊಡ್ಡ ಅಂಗಡಿಗಳಲ್ಲಿ ಹೊಸ ಸ್ಟಾಕ್ ಬೇಗ ಬರುತ್ತದೆ, ಬೇಗ ಹೋಗುತ್ತದೆ. ನಮ್ಮ ಥರದವರಿಗೆ ಒಳ್ಳೆಯದು ಬಡಾವಣೆಯ ಸ್ಟೇಷನರಿ ಅಂಗಡಿ, ಫ್ಯಾನ್ಸಿ ಸ್ಟೋರ್, ಗಿಫ್ಟ್ ಸೆಂಟರ್. ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಕಡೆ ಶಾಲೆಗಳ ಹತ್ತಿರದ ಅಂಗಡಿಗಳಲ್ಲಿ ನೋಟ್‌ಬುಕ್ ಸಾಲಿನ ಕೆಳಗೆ, ಶಟಲ್ ಬ್ಯಾಟಿನ ಹಿಂದೆ, ಎರಡು ವರ್ಷದ ಹಿಂದಿನ ಕಾರು ಹಳೇ ಎಂಆರ್‌ಪಿಯಲ್ಲೇ ಕೂತಿರುತ್ತದೆ. ಮಂಡ್ಯದಲ್ಲಿ ನೂರಡಿ ರಸ್ತೆ, ವಿ.ವಿ. ರಸ್ತೆಯಲ್ಲಿ ನಿಧಾನವಾಗಿ ನಡೆದು ನೋಡಿ. ಸಣ್ಣ ಊರಿನಲ್ಲಿ ಸಂಗ್ರಹಕಾರರು ಕಡಿಮೆ, ಹಾಗಾಗಿ ಹಳೇ ಸ್ಟಾಕ್ ಜಾಸ್ತಿ. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆಗೆ ನೆಂಟರ ಮನೆಗೆ ಹೋದಾಗಲೂ ಬಸ್ ಸ್ಟ್ಯಾಂಡ್ ಹತ್ತಿರದ ಫ್ಯಾನ್ಸಿ ಸ್ಟೋರಿಗೆ ಒಂದು ಸಲ ಇಣುಕಿ.

ಅಂಗಡಿಯವರ ಜೊತೆ ಮಾತಾಡಿ, ಇದು ಬಲು ಮುಖ್ಯ. "ಅಣ್ಣಾ, ಹೊಸ ಬಾಕ್ಸ್ ಯಾವಾಗ ಬರುತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ನೀವು "ಅಣ್ಣಾ, ಹೋಗದೇ ಉಳಿದಿರೋ ಕಾರು ಒಳಗೆ ಏನಾದ್ರೂ ಇದೆಯಾ?" ಅಂತ ಕೇಳಿ. ಅಟ್ಟದಿಂದ ಒಂದು ಡಬ್ಬವೇ ಇಳಿದು ಬರಬಹುದು. ಹಾಗೆ ಇಳಿಸಿದ ಮೇಲೆ ಒಂದಾದರೂ ಕೊಂಡುಕೊಳ್ಳಿ. ಎಲ್ಲ ಕೊಕ್ಕೆ ಕೆದಕಿ, ಕಾರ್ಡು ಬಗ್ಗಿಸಿ, ಬರಿಗೈಲಿ ಹೋಗುವವರನ್ನು ಅಂಗಡಿಯವರು ಮರೆಯುವುದಿಲ್ಲ.

ದಸರಾ ವಸ್ತುಪ್ರದರ್ಶನ ಬೇರೆಯದೇ ಲೋಕ. ಅಲ್ಲಿನ ಆಟಿಕೆ ಮಳಿಗೆಗಳಲ್ಲಿ ಹೆಸರಾಂತ ಬ್ರಾಂಡ್ ಕಡಿಮೆ, ಹೆಸರೇ ಇಲ್ಲದ ತಮಾಷೆ ಗಾಡಿಗಳು ಜಾಸ್ತಿ. ಶೂ ಆಕಾರದ್ದು, ಕಪ್ಪೆ ಆಕಾರದ್ದು, ಕಣ್ಣು ಬಿಡುವ ಬಸ್ಸು. ಸುತ್ತೂರು ಜಾತ್ರೆ, ನಂಜನಗೂಡಿನ ದೊಡ್ಡ ಜಾತ್ರೆ, ಮೇಲುಕೋಟೆ ವೈರಮುಡಿ ಸಮಯದ ಅಂಗಡಿಗಳೂ ಹಾಗೆಯೇ. ಇವನ್ನು ಕೀಳಾಗಿ ನೋಡಬೇಡಿ. ಇಂಥ ಆಟಿಕೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಮುಂದಿನ ವರ್ಷ ಮತ್ತೆ ಬರುವ ಭರವಸೆಯೂ ಇಲ್ಲ, ಆದ್ದರಿಂದ ಕಂಡಾಗಲೇ ತೆಗೆದುಕೊಳ್ಳಬೇಕು. ಒಂದೇ ಎಚ್ಚರಿಕೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಗುರುತು ಇಲ್ಲದ್ದನ್ನು, ಬಣ್ಣ ಉದುರುವುದನ್ನು ಮಕ್ಕಳ ಕೈಗೆ ಕೊಡಬೇಡಿ.

ಹತ್ತು ನಿಮಿಷದಲ್ಲಿ ಮನೆಗೆ ತರುವ ಆಪ್‌ಗಳಲ್ಲೂ ಈಗ ಈ ಕಾರು ಸಿಗುತ್ತದೆ. ಆದರೆ ಹಲವು ಸಲ ಮಾದರಿ ನಾವು ಆರಿಸುವಂತಿಲ್ಲ, ಬಂದದ್ದು ಬಂತು. ಒಂದು ನಿರ್ದಿಷ್ಟ ಕಾರು ಬೇಕಿರುವವರಿಗೆ ಇದು ಸರಿ ಹೋಗುವುದಿಲ್ಲ.

ಗುಜರಿ ಅಂಗಡಿ ಮತ್ತು ನೆಂಟರ ಮನೆಯ ಹಳೇ ಆಟಿಕೆ ಚೀಲ, ಇವೆರಡೂ ನಿಜವಾದ ನಿಧಿ. 1980, 90ರ ದಶಕದಲ್ಲಿ ಹಾಟ್ ವೀಲ್ಸ್ ನಮ್ಮಲ್ಲೇ ಲಿಯೋ ಹೆಸರಿನಲ್ಲಿ ತಯಾರಾಗುತ್ತಿತ್ತು. ಅದಕ್ಕೂ ಮೊದಲು ಕಲ್ಕತ್ತಾದಲ್ಲಿ ನಿಕ್ಕಿ ಟಾಯ್ಸ್ ಅಂತ ಇತ್ತು, ಇಂಗ್ಲೆಂಡಿನ ಡಿಂಕಿ ಕಂಪನಿಯ ಹಳೇ ಅಚ್ಚುಗಳಿಂದ ಕಾರು ಮಾಡುತ್ತಿದ್ದರು. ಮಿಲ್ಟನ್ ಎಂಬ ಆಟಿಕೆ ಕಂಪನಿ ಕೂಡ ಅಲ್ಲಿಯದೇ. ತಳದಲ್ಲಿ ಈ ಹೆಸರುಗಳಲ್ಲಿ ಒಂದು ಕಂಡರೆ, ಬಣ್ಣ ಎಷ್ಟೇ ಹೋಗಿರಲಿ, ಬಿಡಬೇಡಿ. ಆದರೆ ಲೋಹದಲ್ಲಿ ಜೇಡರ ಬಲೆಯಂಥ ಬಿರುಕು, ಉಬ್ಬು ಇದೆಯಾ ನೋಡಿ. ಸತುವಿನಲ್ಲಿ ಸೀಸ ಮುಂತಾದ ಕಲಬೆರಕೆ ಇದ್ದರೆ ವರ್ಷ ಕಳೆದಂತೆ ಅದು ಒಳಗಿಂದಲೇ ಪುಡಿಯಾಗುತ್ತದೆ. ಅದಕ್ಕೆ ಮದ್ದು ಇಲ್ಲ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಬೆಲೆ

ಹಾಟ್ ವೀಲ್ಸ್, ಅದೇ ಥರದ ಇನ್ನೊಂದು ಬ್ರಾಂಡ್ ಮ್ಯಾಚ್‌ಬಾಕ್ಸ್‌ನ ಸಾಮಾನ್ಯ ಕಾರುಗಳ ಎಂಆರ್‌ಪಿ ಈಚೆಗೆ ಸುಮಾರು 150ರಿಂದ 200 ರೂಪಾಯಿ. ತಮಾಷೆ ಕಾರಿಗೆ ಅದಕ್ಕಿಂತ ಒಂದು ರೂಪಾಯಿಯೂ ಜಾಸ್ತಿ ಕೊಡುವ ಅಗತ್ಯ ಇಲ್ಲ. ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದು ಅಂಗಡಿಯವರಿಗೆ ಕಾನೂನಿನಲ್ಲಿ ಇಲ್ಲ. ಸ್ಟಿಕರ್ ಮೇಲೆ ಸ್ಟಿಕರ್ ಅಂಟಿಸಿದ್ದರೆ ಕೇಳಿ, ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಕಾರ್ಡಿನಿಂದ ಬಿಚ್ಚಿದ, ಆಡಿದ ಕಾರಿಗೆ ಎಷ್ಟು? ಬಣ್ಣ ಚೆನ್ನಾಗಿದ್ದು ಚಕ್ರ ನೇರ ಇದ್ದರೆ ಹೊಸದರ ಅರ್ಧ ಬೆಲೆ ಕೊಡಬಹುದು. ಆಕ್ಸಲ್, ಅಂದರೆ ಚಕ್ರ ಜೋಡಿಸಿದ ಕಂಬಿ, ಬಾಗಿದ್ದರೆ ಅದಕ್ಕೂ ಕಡಿಮೆ. ಕಾರನ್ನು ಗಾಜಿನ ಮೇಲೆ ಅಥವಾ ಮೊಬೈಲ್ ಪರದೆಯ ಮೇಲೆ ನಿಲ್ಲಿಸಿ ನೋಡಿ, ನಾಲ್ಕೂ ಚಕ್ರ ತಾಗುತ್ತಿವೆಯಾ ಅಂತ ತಕ್ಷಣ ತಿಳಿಯುತ್ತದೆ. ಹೊರದೇಶದಿಂದ ಒಂದೆರಡು ಕಾರು ತರಿಸುವ ಆಸೆ ಬೇಡ. ಆಮದು ಸುಂಕ, ಅದರ ಮೇಲೆ ಅಂಚೆ ಖರ್ಚು. ಅಗ್ಗದ ಕಾರು ಆಗ ಅಗ್ಗ ಅಲ್ಲವೇ ಅಲ್ಲ.

'ಎರರ್ ಪೀಸ್' ಅಂತ ಮುದ್ರಣ ಇಲ್ಲದ, ಚಕ್ರ ಅದಲು ಬದಲಾದ ಕಾರುಗಳನ್ನು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಬಿಚ್ಚಿದ ಕಾರಾದರೆ ನಂಬಬೇಡಿ. ತಳದ ರಿವೆಟ್ ಕೊರೆದು ಚಕ್ರ ಬದಲಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸ.

ಬಿಚ್ಚಬೇಕಾ, ಬೇಡವಾ?

ಬಿಚ್ಚಿ. ಇದು ನನ್ನ ಖಚಿತ ಅಭಿಪ್ರಾಯ. ಕಾರ್ಡಿನಲ್ಲಿ ಇಟ್ಟರೆ ಬೆಲೆ ಬರುತ್ತದೆ ಅನ್ನುವ ಮಾತು ಅಪರೂಪದ ಕಾರುಗಳಿಗೆ ಸರಿ. ಬರ್ಗರ್ ಕಾರಿನ ಸೊಗಸು ಇರುವುದು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಎಂಜಿನ್ ಎಲ್ಲಿ ಅಡಗಿಸಿದ್ದಾರೆ, ಡ್ರೈವರ್ ಎಲ್ಲಿ ಕೂರುತ್ತಾನೆ ಅಂತ ಹುಡುಕುವುದರಲ್ಲಿ. ವಿನ್ಯಾಸಕಾರರು ಇದನ್ನೆಲ್ಲ ತಲೆ ಓಡಿಸಿ ಮಾಡಿರುತ್ತಾರೆ. 1969ರ 'ಟ್ವಿನ್ ಮಿಲ್' ಹೀಗೆ ಸುಮ್ನೆ ಕಲ್ಪನೆಯಲ್ಲಿ ಹುಟ್ಟಿದ ಎರಡು ಎಂಜಿನ್‌ನ ಕಾರು, ಆಮೇಲೆ ಅದನ್ನೇ ನಿಜವಾದ ಗಾತ್ರದಲ್ಲಿ ಕಟ್ಟಿದರು! ಹೈದರಾಬಾದಿನ ಸುಧಾ ಕಾರ್ಸ್ ಮ್ಯೂಸಿಯಂಗೆ ಹೋದರೆ ಬರ್ಗರ್, ಕ್ರಿಕೆಟ್ ಬ್ಯಾಟ್ ಆಕಾರದ, ಓಡಿಸಬಹುದಾದ ಗಾಡಿಗಳನ್ನೇ ನೋಡಬಹುದು.

ಬಿಚ್ಚುವಾಗ ಪ್ಲಾಸ್ಟಿಕ್ ಗುಳ್ಳೆಯನ್ನು ಎಳೆದು ಹರಿಯಬೇಡಿ. ಬ್ಲೇಡಿನಿಂದ ಗುಳ್ಳೆಯ ಕೆಳಗಿನ ಅಂಚನ್ನು ಮಾತ್ರ ಕೊಯ್ದರೆ ಕಾರು ಜಾರಿ ಹೊರಬರುತ್ತದೆ, ಕಾರ್ಡು ಪೂರ್ತಿ ಉಳಿಯುತ್ತದೆ. ಕಾರ್ಡುಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಿ. ಮಾದರಿ ಸಂಖ್ಯೆ, ಆಮದಾದ ತಿಂಗಳು, ಬೆಲೆ ಎಲ್ಲ ಅದರ ಮೇಲೆಯೇ ಇರುತ್ತದೆ.

ತೊಳೆಯುವುದು

ಗುಜರಿಯಿಂದ ಬಂದ ಕಾರಿಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮಕ್ಕಳ ಮೆತ್ತನೆ ಬ್ರಷ್ ಸಾಕು. ಸ್ಟಿಕರ್ ಇದ್ದರೆ ನೆನೆಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಎರಡೂ ಬೇಡ, ಬಣ್ಣವೂ ಹೋಗುತ್ತದೆ, ಪ್ಲಾಸ್ಟಿಕ್ಕೂ ಕರಗುತ್ತದೆ. ಚಕ್ರದ ಸುತ್ತ ಕೂದಲು, ನೂಲು ಸುತ್ತಿಕೊಂಡಿರುತ್ತದೆ, ಚಿಮಟದಿಂದ ತೆಗೆಯಿರಿ. ತೊಳೆದ ಮೇಲೆ ಫ್ಯಾನ್ ಕೆಳಗೆ ತಲೆಕೆಳಗಾಗಿ ಒಣಗಲು ಬಿಡಿ, ಯಾಕಂದರೆ ಆಕ್ಸಲ್ ಕಬ್ಬಿಣದ್ದು, ತೇವ ಉಳಿದರೆ ತುಕ್ಕು ಹಿಡಿಯುತ್ತದೆ. ಆಮೇಲೆ ಸೂಜಿ ತುದಿಯಲ್ಲಿ ಹೊಲಿಗೆ ಮಷೀನಿನ ಎಣ್ಣೆ ಒಂದೇ ಒಂದು ಚೂರು ಆಕ್ಸಲ್‌ಗೆ ಮುಟ್ಟಿಸಿದರೆ ಚಕ್ರ ಮತ್ತೆ ಹಗುರವಾಗಿ ತಿರುಗುತ್ತದೆ. ಮುಂದಿನ ಗಾಜಿನ ಸಣ್ಣ ಗೀರಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಲ್ಲಿ ಉಜ್ಜಿ. ಬಣ್ಣದ ಮೇಲೆ ಮಾತ್ರ ಉಜ್ಜಬೇಡಿ.

ಹೊಸದಾಗಿ ಬಣ್ಣ ಬಳಿಯುವ ಯೋಚನೆ ಇದ್ದರೆ ಹಳೇ ಭಾರತೀಯ ಕಾರುಗಳನ್ನು ಬಿಟ್ಟು ಬೇರೆ ಯಾವುದರ ಮೇಲಾದರೂ ಮಾಡಿ. ಅವುಗಳಿಗೆ ಮೂಲ ಬಣ್ಣವೇ ಬೆಲೆ.

ಇಡುವುದು: ಬಿಸಿಲು, ಮಳೆ, ಡಬ್ಬ

ಏಪ್ರಿಲ್‌ನಲ್ಲಿ ಮಂಡ್ಯದ ಶೀಟ್ ಮನೆಯ ಅಟ್ಟದಲ್ಲಿ ಕಾರು ಇಟ್ಟರೆ ಮೆತ್ತನೆ ಟಯರು ಅಂಟುಅಂಟಾಗಿ ಡಬ್ಬಕ್ಕೇ ಅಂಟಿಕೊಳ್ಳುತ್ತದೆ. ಕಿಟಕಿ ಬಳಿ ಇಟ್ಟರೆ ಕೆಂಪು ಬಣ್ಣ ಮಂಕಾಗುತ್ತದೆ. ಮನೆಯೊಳಗೆ, ನೇರ ಬಿಸಿಲು ಬೀಳದ ಗೋಡೆ ಆರಿಸಿ. ಖಾನೆಗಳಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ, ಸ್ಕ್ರೂ, ನಟ್ಟು ಹಾಕುವಂಥದ್ದು. ಕಾರಿನ ಉದ್ದ ಸುಮಾರು 7 ಸೆಂಟಿಮೀಟರ್, ಅಳತೆ ನೋಡಿ ತೆಗೆದುಕೊಳ್ಳಿ. ಪ್ರತಿ ಕಾರನ್ನೂ ಟಿಶ್ಯೂ ಕಾಗದದಲ್ಲಿ ಸುತ್ತಿ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದು ಕರಗಿ ಕಲೆ ಬಿಡುತ್ತದೆ.

ಮಳೆಗಾಲದಲ್ಲಿ ಡಬ್ಬಕ್ಕೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಶೂ ಡಬ್ಬದಲ್ಲಿ ಬರುತ್ತದಲ್ಲ, ಅದೇ. ನುಸಿಗುಳಿಗೆ ಮಾತ್ರ ಹಾಕಬೇಡಿ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಬಿಚ್ಚದೆ ಇಟ್ಟ ಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿ, ಇಲ್ಲದಿದ್ದರೆ ಗುಳ್ಳೆ ಚಪ್ಪಟೆಯಾಗುತ್ತದೆ. ಕಾರ್ಡಿನ ಅಂಟಿಗೆ ಜಿರಳೆ ಬರುತ್ತದೆ, ಆಗಾಗ ತೆಗೆದು ನೋಡುತ್ತಿರಿ.

ಒಂದು ನೋಟ್‌ಬುಕ್ ಇಡಿ. ಹೆಸರು, ಬಣ್ಣ, ತಳದ ಅಕ್ಷರ ಮತ್ತು ಅಂಕಿ, ಕೊಂಡ ಊರು, ಕೊಟ್ಟ ದುಡ್ಡು. ಪಕ್ಕದಲ್ಲಿ ಮೇಲಿಂದ ಒಂದು, ತಳದ್ದು ಒಂದು ಫೋಟೊ ಮೊಬೈಲಿನಲ್ಲಿ ಬೇರೆ ಫೋಲ್ಡರಿಗೆ. ಅಂಗಡಿಯಲ್ಲಿ ನಿಂತು "ಇದು ನನ್ನ ಹತ್ರ ಇದೆಯಾ?" ಅಂತ ಅನುಮಾನ ಬಂದಾಗ ಇದೇ ಕೈ ಹಿಡಿಯುವುದು.

ನಾಲ್ಕು ಜನ ನೋಡುವ ಹಾಗೆ

ಗೊಂಬೆ ಕೂರಿಸುವ ಮನೆಯವರು ನೀವಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಪಟ್ಟದ ಗೊಂಬೆಗಳ ಮೆಟ್ಟಿಲಿನ ಪಕ್ಕ ರಾಗಿ ಪೈರು ಬೆಳೆಸಿ ಪಾರ್ಕ್ ಮಾಡುತ್ತೀರಲ್ಲ, ಅಲ್ಲೊಂದು ರಸ್ತೆ ಬಿಡಿ. ತಿಂಡಿ ಕಾರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತಿಂಡಿ ಬೀದಿ ಮಾಡಬಹುದು. ಚನ್ನಪಟ್ಟಣದ ಮರದ ಗೊಂಬೆಗಳನ್ನು ಗಿರಾಕಿಗಳ ಥರ ನಿಲ್ಲಿಸಿದರೆ ಅಳತೆ ಹೊಂದದಿದ್ದರೂ ನೋಡಲು ಬಹಳ ಚೆಂದ. ಮಣ್ಣು ಒದ್ದೆ ಇರುತ್ತದೆ, ಕಾರಿನ ಕೆಳಗೆ ಕಪ್ಪು ರಟ್ಟಿನ ರಸ್ತೆ ಹಾಸಿ. ಗೊಂಬೆ ನೋಡಲು ಬಂದ ಮಕ್ಕಳು ಮುಟ್ಟಿಯೇ ಮುಟ್ಟುತ್ತಾರೆ, ಆದ್ದರಿಂದ ಲಿಯೋ, ನಿಕ್ಕಿಯಂಥ ಹಳೆಯವು ಅಲ್ಲಿ ಬೇಡ, ಹೊಸವನ್ನೇ ಇಡಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ಸಣ್ಣ ಚೂರು ಕಿತ್ತು ಬಾಯಿಗೆ ಹಾಕಿಕೊಂಡರೆ ಕಷ್ಟ.

ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಧರ್ಮಸ್ಥಳದವರ 'ಪಯಣ' ಕಾರ್ ಮ್ಯೂಸಿಯಂ ಇದೆ. ನಿಜವಾದ ಹಳೇ ಕಾರುಗಳನ್ನು ಹೇಗೆ ಸಾಲು ಮಾಡಿದ್ದಾರೆ, ಬೆಳಕು ಹೇಗೆ ಬೀಳುವಂತೆ ಮಾಡಿದ್ದಾರೆ ಅಂತ ಗಮನಿಸಿ ಬನ್ನಿ. ಮನೆಯ ಕಪಾಟಿಗೂ ಅದರಿಂದ ಕಲಿಯುವುದು ಸಾಕಷ್ಟಿದೆ.

ಅದಲು ಬದಲು

ಎರಡೆರಡು ಇದ್ದದ್ದನ್ನು ಬದಲಾಯಿಸಿಕೊಳ್ಳಿ. ನಿಮಗೆ ಬೇಡದ ಪೋರ್ಷೆ ಎಂಆರ್‌ಪಿಗೆ ಸಿಕ್ಕರೆ ಅದನ್ನೂ ತೆಗೆದುಕೊಳ್ಳಿ. ಪೋರ್ಷೆ ಹುಡುಕುವವರ ಮನೆಯಲ್ಲಿ ಬೇಡವಾದ ಶಾರ್ಕ್, ಟೋಸ್ಟರ್ ಎರಡು ಮೂರು ಬಿದ್ದಿರುತ್ತವೆ, ಒಂದಕ್ಕೆ ಎರಡು ಸಲೀಸಾಗಿ ಸಿಗುತ್ತದೆ. ಮೊದಲ ಸಲ ಮಾಡುವಾಗ ಎದುರಾಬದುರು ಭೇಟಿಯಾಗಿ, ಕಾಫಿ ಕುಡಿಯುತ್ತ ಕಾರು ನೋಡಿ ಬದಲಾಯಿಸಿಕೊಳ್ಳಿ. ದೂರದವರಾದರೆ ಮೇಲಿಂದ, ಎರಡು ಬದಿಯಿಂದ, ತಳದಿಂದ ಫೋಟೊ ಕೇಳಿ, ಆಕ್ಸಲ್ ನೇರ ಇದೆಯಾ ಅಂತ ಕಾರು ಉರುಳಿಸುವ ಸಣ್ಣ ವಿಡಿಯೊ ಕೂಡ ಕೇಳಿ. ಕಳಿಸುವಾಗ ಬಿಚ್ಚಿದ ಕಾರನ್ನು ಟಿಶ್ಯೂ, ಅದರ ಮೇಲೆ ಗುಳ್ಳೆ ಕವರು ಸುತ್ತಿ ಗಟ್ಟಿ ರಟ್ಟಿನ ಡಬ್ಬದಲ್ಲಿ ಹಾಕಿ, ಅಲ್ಲಾಡಿಸಿದರೆ ಸದ್ದು ಬರಬಾರದು. ಕಾರ್ಡಿನಲ್ಲಿರುವುದಾದರೆ ಎರಡೂ ಕಡೆ ರಟ್ಟು ಕೊಟ್ಟು, ಸೆಲೋಟೇಪು ಕಾರ್ಡಿಗೆ ತಾಗದ ಹಾಗೆ ರಟ್ಟಿಗೆ ಮಾತ್ರ ಅಂಟಿಸಿ ಕಳಿಸಿ.